ವೈನ್ ಕೆಡುವುದು ಗಾಡಿ ನಿಂತಾಗ

ಮೈಸೂರಿನಲ್ಲಿ ದ್ರಾಕ್ಷಿ ವೈನ್ ಮಾತ್ರ ಮಾರುವ ಒಂದು ಸಣ್ಣ ಅಂಗಡಿ ನನ್ನದು. ಅಂಗಡಿಯೊಳಗೆ ಬಾಟಲಿಗಳನ್ನು ತಣ್ಣಗೆ ಇಡುವುದು ದೊಡ್ಡ ಕೆಲಸವಲ್ಲ. ಏಸಿ ಇದೆ, ಬಿಸಿಲು ಬೀಳದ ಗೋಡೆ ಇದೆ. ತಲೆಬಿಸಿ ಇರುವುದೆಲ್ಲ ದಾರಿಯಲ್ಲಿ. ವೈನರಿಯಿಂದ ಡಿಪೋಗೆ, ಅಂದರೆ ಗೋದಾಮಿಗೆ, ಡಿಪೋದಿಂದ ನಮ್ಮಲ್ಲಿಗೆ, ನಮ್ಮಿಂದ ಗ್ರಾಹಕರ ಮನೆಗೆ. ಇಷ್ಟು ವರ್ಷ ಇದನ್ನೇ ಗಮನಿಸಿದ ಮೇಲೆ ನನಗೆ ಖಾತ್ರಿಯಾದ ವಿಷಯ ಒಂದೇ: ಗಾಡಿ ಓಡುವಾಗ ವೈನ್ ಅಷ್ಟು ಬೇಗ ಕೆಡುವುದಿಲ್ಲ, ನಿಂತಾಗ ಕೆಡುತ್ತದೆ.

ವೈನ್‌ಗೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಹಿತ. 20–22 ಇದ್ದರೂ ಕೆಲವು ತಿಂಗಳು ತಡೆದುಕೊಳ್ಳುತ್ತದೆ. 30 ದಾಟಿದರೆ ಕಷ್ಟ ಶುರು. ಬಾಟಲಿಯೊಳಗೆ ನಡೆಯುವ ಕ್ರಿಯೆಗಳು ಪ್ರತಿ 10 ಡಿಗ್ರಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರಾಗುತ್ತವೆ. ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಬೇಗ ಖರ್ಚಾಗುತ್ತದೆ. ಬಿಳಿ ವೈನ್ ಬಣ್ಣ ಕಂದಿನ ಕಡೆ ತಿರುಗುತ್ತದೆ. ತಾಜಾ ಹಣ್ಣಿನ ವಾಸನೆ ಹೋಗಿ ಜಾಮ್ ಕುದಿಸಿದ ಹಾಗಿನ ವಾಸನೆ ಬರುತ್ತದೆ. ಮೈಸೂರಿನಲ್ಲಿ ಮಾರ್ಚ್–ಏಪ್ರಿಲ್ ಮಧ್ಯಾಹ್ನ 34–35 ಡಿಗ್ರಿ ಮಾಮೂಲಿ. ಮುಚ್ಚಿದ ಗಾಡಿಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ತೊಂದರೆ ಹಿಗ್ಗುವಿಕೆಯದು. 20 ಡಿಗ್ರಿಯಲ್ಲಿರುವ 750 ಮಿ.ಲೀ. ವೈನ್ 40 ಡಿಗ್ರಿಗೆ ಹೋದರೆ ಸುಮಾರು 5 ಮಿ.ಲೀ. ಹಿಗ್ಗುತ್ತದೆ. ಕಾರ್ಕ್ ಕೆಳಗೆ ಖಾಲಿ ಇರುವುದು ಬರೀ ಒಂದು, ಒಂದೂವರೆ ಸೆಂಟಿಮೀಟರ್. ಹಿಗ್ಗಿದ ವೈನ್ ಎಲ್ಲಿಗೆ ಹೋಗಬೇಕು? ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಇಲ್ಲವೇ ಅದರ ಪಕ್ಕದಿಂದ ಜಿನುಗುತ್ತದೆ. ಆಮೇಲೆ ತಣ್ಣಗಾದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಬರುತ್ತದೆ.

ಅದಕ್ಕೇ ಹೊಸ ಕೇಸ್ (12 ಬಾಟಲಿಯ ಡಬ್ಬ) ಬಂದ ಕೂಡಲೇ ಪ್ರತಿ ಬಾಟಲಿಯ ಬಾಯಿಯ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ಕಾರ್ಕ್ ಮಟ್ಟಸವಾಗಿರಬೇಕು. ಕ್ಯಾಪ್ಸ್ಯೂಲ್, ಅಂದರೆ ಬಾಟಲಿಯ ಬಾಯಿಗೆ ಸುತ್ತಿದ ತೆಳು ಹೊದಿಕೆ, ಅದರ ಮಧ್ಯ ಸಣ್ಣ ಉಬ್ಬು ಸಿಕ್ಕಿದರೆ ಅನುಮಾನ. ಕ್ಯಾಪ್ಸ್ಯೂಲ್ ಅಂಚಿನಲ್ಲಿ ಬೆರಳಿಗೆ ಅಂಟು ಹತ್ತಿದರೆ ಅನುಮಾನ ಇನ್ನೂ ಜಾಸ್ತಿ. ಅಂಥ ಬಾಟಲಿಯನ್ನು ಬಿಚ್ಚಿ ನೋಡಿದರೆ ಕಾರ್ಕಿನ ಪಕ್ಕದಲ್ಲಿ ಕೆಳಗಿಂದ ಮೇಲಿನವರೆಗೂ ನೇರಳೆ ಗೆರೆ ಎದ್ದಿರುತ್ತದೆ. ತಿರುಪು ಮುಚ್ಚಳದ ಬಾಟಲಿಯಲ್ಲಿ ಈ ಯಾವ ಗುರುತೂ ಸಿಗುವುದಿಲ್ಲ. ಅಲ್ಲಿ ಒಂದನ್ನು ಬಿಚ್ಚಿ ರುಚಿ ನೋಡುವುದೇ ದಾರಿ.

ಶಾಖ ಎಲ್ಲಿ ಏರುತ್ತದೆ ಅಂತ ತಿಳಿಯಲು ಕೇಸಿನೊಳಗೆ ಟೆಂಪರೇಚರ್ ಲಾಗರ್ ಇಟ್ಟು ಕಳಿಸಿದೆ. ಪೆನ್‌ಡ್ರೈವ್‌ನಷ್ಟು ದೊಡ್ಡ ಸಾಧನ, ಕೆಲವು ನಿಮಿಷಕ್ಕೊಮ್ಮೆ ಡಿಗ್ರಿ ಬರೆದಿಟ್ಟುಕೊಳ್ಳುತ್ತದೆ. ಒಂದನ್ನು ಕೇಸಿನ ನಡುವೆ, ಇನ್ನೊಂದನ್ನು ಮೂಲೆಯ ಬಾಟಲಿಗೆ ಕಟ್ಟಿದ್ದೆ. ಲಾಗರ್ ಕೊಡುವ ಗ್ರಾಫಿನ ಗೆರೆ ನೋಡಿದರೆ ಕಥೆ ತಾನಾಗಿಯೇ ತಿಳಿಯುತ್ತದೆ. ಹೆದ್ದಾರಿಯಲ್ಲಿ ಗಾಡಿ ಓಡಿದಷ್ಟು ಹೊತ್ತೂ ನಿಧಾನದ ಏರಿಕೆ. ಬೆಂಗಳೂರಿನ ಹೊರಗೆ ಸರಕು ಗಾಡಿ ಒಳಗೆ ಬಿಡುವ ಹೊತ್ತಿಗಾಗಿ ಕಾದಾಗ ಗೆರೆ ನೆಟ್ಟಗೆ ಮೇಲೆ. ಮದ್ದೂರಿನ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಮತ್ತೆ ಮೇಲೆ. ಡಿಪೋ ಮುಂದೆ ಸರದಿಯಲ್ಲಿ ನಿಂತಾಗ ಎಲ್ಲಕ್ಕಿಂತ ಜಾಸ್ತಿ. ಮೂಲೆಯ ಬಾಟಲಿ ಯಾವಾಗಲೂ ಮೊದಲು ಬಿಸಿ.

ವೈನರಿಯಿಂದ ಡಿಪೋವರೆಗಿನ ಸಾಗಣೆ ನನ್ನ ಕೈಯಲ್ಲಿಲ್ಲ. ಆದರೂ ನಂದಿ ಬೆಟ್ಟದ ತಪ್ಪಲಿನ ವೈನರಿಯವರಿಗೆ ಆ ಗೆರೆಗಳನ್ನು ತೋರಿಸಿ ಮಾತಾಡಿದೆ. ಈಗ ಬೇಸಿಗೆಯಲ್ಲಿ ಸಂಜೆ ಲೋಡ್ ಮಾಡಿ ರಾತ್ರಿಯೇ ಹೊರಡಿಸುತ್ತಾರೆ. ಬೆಳಕು ಹರಿಯುವ ಮೊದಲು ಗಾಡಿ ಶ್ರೀರಂಗಪಟ್ಟಣ ದಾಟಿರುತ್ತದೆ. ಇದಕ್ಕೆ ಒಂದು ಪೈಸೆಯೂ ಜಾಸ್ತಿ ಖರ್ಚಾಗಲಿಲ್ಲ. ಡಿಪೋದಿಂದ ನಮ್ಮಲ್ಲಿಗೆ ತರುವವರು ಮಂಡ್ಯದ ಕಡೆಯವರು. ಮೊದಮೊದಲು ನಾನು, "ಅಣ್ಣ, ನೆರಳಲ್ಲಿ ನಿಲ್ಸಿ" ಅಂದರೆ, "ಗಾಜಿನ್ ಬಾಟ್ಲಿ ಅಲ್ವಾ ಸಾ, ಏನಾಯ್ತದೆ ಬುಡಿ" ಅನ್ನುತ್ತಿದ್ದರು. ಅವರ ಮನೆಯಲ್ಲಿ ಹಸು ಇದೆ. ಡೇರಿಯ ಬಲ್ಕ್ ಕೂಲರ್‌ನಲ್ಲಿ ಹಾಲನ್ನು 4 ಡಿಗ್ರಿಗೆ ಯಾಕೆ ಇಳಿಸುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಇದೂ ಹಾಲಿನ ಹಾಗೇ, ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ ಅಂದೆ. ಆಮೇಲೆ ಹೇಳಬೇಕಾಗಲಿಲ್ಲ. ಈಗ ಮರದ ನೆರಳು ಹುಡುಕಿ ನಿಲ್ಲಿಸುವುದು ಅವರೇ.

ಪ್ಯಾಕಿಂಗ್ ವಿಷಯ. ಬರೀ ರಟ್ಟಿನ ಡಬ್ಬ ಪೆಟ್ಟು ತಡೆಯುತ್ತದೆ, ಶಾಖವನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ನಾನು ಕೇಸನ್ನು ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡಿಸುತ್ತೇನೆ. ಗಾಡಿಯ ಮೇಲೆ ಬೆಳ್ಳಿ ಬಣ್ಣದ ಶೀಟ್ ಹೊದಿಸುತ್ತೇನೆ, ಕಪ್ಪು ಟಾರ್ಪಾಲ್ ಬೇಡವೇ ಬೇಡ. ಕೆಳಗೆ ಮರದ ಪ್ಯಾಲೆಟ್, ಯಾಕೆಂದರೆ ಕಬ್ಬಿಣದ ತಳ ರಸ್ತೆಯ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ತಂಪಿಗೆ ಇಡುವ ಜೆಲ್ ಪ್ಯಾಕ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಲೆಕ್ಕ ಹೀಗಿದೆ: ಒಂದು ಕೆ.ಜಿ. ಮಂಜುಗಡ್ಡೆ ಕರಗಲು ಬೇಕಾದ ಶಾಖ 12 ಬಾಟಲಿಯ ಒಂದು ಕೇಸನ್ನು ಸುಮಾರು 8 ಡಿಗ್ರಿ ಇಳಿಸುವಷ್ಟು. ಜೆಲ್ ಪ್ಯಾಕಿನಲ್ಲೂ ಬಹುಪಾಲು ನೀರೇ. ಅಂದರೆ ಥರ್ಮೋಕೋಲ್ ಒಳಗೆ ಒಂದೆರಡು ಕೆ.ಜಿ. ಜೆಲ್ ಇದ್ದರೆ ಅರ್ಧ ದಿನದ ದಾರಿಗೆ ಸಾಕು. ಫ್ರೀಜರ್‌ನಿಂದ ತೆಗೆದ ತಕ್ಷಣ ಬಾಟಲಿಗೆ ತಾಗಿಸಿ ಇಡಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಬೆವರೊಡೆದ ಮೇಲೆ ಒರೆಸಿ, ನ್ಯೂಸ್ ಪೇಪರ್ ಸುತ್ತಿ ಮೇಲ್ಗಡೆ ಇಡಿ. ತಂಪು ತಾನಾಗಿ ಕೆಳಗೆ ಇಳಿಯುತ್ತದೆ. ಒರೆಸಿ ಸುತ್ತದೆ ಹಾಗೇ ಇಟ್ಟರೆ ರಟ್ಟು ಒದ್ದೆಯಾಗಿ ತಳ ಕಿತ್ತುಕೊಂಡು ಬರುತ್ತದೆ.

ನಮ್ಮ ಕಡೆ ವೈನ್ ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಆ ಅಪಾಯ ಬರುವುದು ಯಂತ್ರದಿಂದ. ಒಬ್ಬ ಸಾಗಣೆದಾರರು ಐಸ್‌ಕ್ರೀಮ್ ಗಾಡಿಯಲ್ಲಿ ಜಾಗ ಇದೆ, ತಣ್ಣಗೆ ತಂದುಕೊಡ್ತೀವಿ ಅಂದರು. ಆ ಗಾಡಿ ಓಡುವುದು ಮೈನಸ್ 18ರ ಆಸುಪಾಸಿನಲ್ಲಿ. 12 ಶೇಕಡಾ ಆಲ್ಕೋಹಾಲ್ ಇರುವ ವೈನ್ ಮೈನಸ್ 5ರ ಸುಮಾರಿಗೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಕಾರ್ಕ್ ಎದ್ದು ಬರುತ್ತದೆ, ಬಾಟಲಿಯೂ ಸೀಳಬಹುದು. ಬೇಡ ಅಂದೆ. ತರಕಾರಿ ಸಾಗಿಸುವ ತಂಪು ಗಾಡಿಯಾದರೆ ಪರವಾಗಿಲ್ಲ. ಹೆಚ್ಚೆಂದರೆ ತಳದಲ್ಲಿ ಸಕ್ಕರೆ ಹರಳಿನಂಥ ಚೂರುಗಳು ಕಾಣುತ್ತವೆ. ಅದು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ, ಗಾಜಿನ ಚೂರಲ್ಲ, ಕುಡಿದರೆ ಏನೂ ಆಗಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಕೊನೆಯ ಹಂತದಲ್ಲಿ. ಇಷ್ಟೆಲ್ಲ ಜೋಪಾನ ಮಾಡಿ ತಂದ ಬಾಟಲಿಯನ್ನು ಬೆಳಿಗ್ಗೆ ಕೊಂಡವರು ಕಾರಿನ ಡಿಕ್ಕಿಯಲ್ಲಿ ಹಾಕಿ, ಅರಮನೆ ನೋಡಿ, ಜೂ ನೋಡಿ, ಬೆಟ್ಟ ಹತ್ತಿ ಬರುತ್ತಾರೆ. ಅಷ್ಟು ಹೊತ್ತೂ ಕಾರು ಬಿಸಿಲಲ್ಲಿ. ಹಾಗಾಗಿ ಬಿಲ್ ಮಾಡುವ ಮೊದಲೇ ಕೇಳಿಬಿಡುತ್ತೇನೆ, "ಇಲ್ಲಿಂದ ನೇರ ಮನೆಗಾ?" ಅಲ್ಲ ಅಂದರೆ ಬಾಟಲಿಯನ್ನು ಇಲ್ಲೇ ಹೆಸರು ಬರೆದು ಇಟ್ಟು, ಸಂಜೆ ಹೋಗುವಾಗ ತೆಗೆದುಕೊಳ್ಳಿ ಅನ್ನುತ್ತೇನೆ. ಹುಣಸೂರು ಮೇಲೆ ಮಡಿಕೇರಿಗೆ ಹೋಗುವವರಿಗೆ ಡಿಕ್ಕಿ ಬೇಡ, ಏಸಿ ತಾಗುವ ಹಾಗೆ ಹಿಂದಿನ ಸೀಟಿನ ಕೆಳಗೆ, ಟವೆಲ್ ಸುತ್ತಿ ಇಡಿ ಅನ್ನುತ್ತೇನೆ. ಸ್ಪಾರ್ಕ್ಲಿಂಗ್ ವೈನ್ ಆದರೆ ಇನ್ನೂ ಒತ್ತಿ ಹೇಳುತ್ತೇನೆ. ಅದರೊಳಗಿನ ಒತ್ತಡ ಮೊದಲೇ ಜಾಸ್ತಿ, ಬಿಸಿಯಾದಷ್ಟೂ ಏರುತ್ತದೆ, ಬಾಟಲಿ ಸಿಡಿಯಲೂಬಹುದು.

ಅಕಸ್ಮಾತ್ ಬಾಟಲಿ ದಾರಿಯಲ್ಲಿ ಬಿಸಿಯಾಗಿದ್ದರೆ ಗಾಬರಿಯಿಂದ ಫ್ರೀಜರ್‌ಗೆ ತುರುಕಬೇಡಿ. ಮನೆಯಲ್ಲಿ ತಣ್ಣಗಿರುವ ಕೋಣೆಯ ನೆಲದ ಮೇಲೆ ಒಂದು ರಾತ್ರಿ ಇಟ್ಟು, ಆಮೇಲೆ ಫ್ರಿಜ್‌ಗೆ ಹಾಕಿ. ವರ್ಷಗಟ್ಟಲೆ ಇಡುವ ಯೋಚನೆ ಇದ್ದರೆ ಆ ಬಾಟಲಿಯನ್ನು ಬಿಟ್ಟು ಬೇರೆ ಆರಿಸಿ. ಬಿಸಿಯಾದದ್ದನ್ನು ಆ ತಿಂಗಳೇ ಬಿಚ್ಚಿ ಕುಡಿಯಿರಿ.