‘ಇದೇ ಫೈನಲ್’ ಫೋಲ್ಡರ್‌ನಿಂದ ಗಿಟ್‌ಗೆ: ನಮ್ಮ ಡೇಟಾಬೇಸ್ ಕಥೆ

ಆಗ ನಮ್ಮ ಪ್ರಾಜೆಕ್ಟ್‌ನಲ್ಲಿ ಅರವತ್ತು ಚಿಲ್ಲರೆ ಡೆವಲಪರ್‌ಗಳಿದ್ದೆವು. ಏಳು ಟೀಮು, ಡೇಟಾಬೇಸ್ ಮಾತ್ರ ಒಂದೇ, ಪೋಸ್ಟ್‌ಗ್ರೆಸ್ ಅನ್ನೋದು. ಕೋಡ್ ಎಲ್ಲಾ ಗಿಟ್‌ನಲ್ಲಿ, ಅಂದರೆ ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲೆ ಇಡುವ ಟೂಲ್‌ನಲ್ಲಿ, ಅಚ್ಚುಕಟ್ಟಾಗಿ ಇತ್ತು. ಡೇಟಾಬೇಸ್ ಬದಲಿಸುವ ಸ್ಕ್ರಿಪ್ಟ್‌ಗಳು ಮಾತ್ರ ಒಂದು ಶೇರ್ಡ್ ಫೋಲ್ಡರ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅನ್ನೋ ಹೆಸರಲ್ಲಿ ಬಿದ್ದಿರುತ್ತಿದ್ದವು. ರಿಲೀಸ್ ದಿನ ಯಾವುದನ್ನು ಓಡಿಸಬೇಕು ಅಂತ ಗೊತ್ತಿದ್ದದ್ದು ಡೇಟಾಬೇಸ್ ನೋಡಿಕೊಳ್ಳುವ ನಮ್ಮ ಡಿಬಿಎ ಒಬ್ಬರಿಗೇ. ಅವರು ರಜೆ ಹಾಕಿದರೆ ರಿಲೀಸಿಗೂ ರಜೆ.

ಒಂದು ದಿನ ಡೇಟಾಬೇಸ್‌ನಲ್ಲೇ ಇರುವ ಬಿಲ್ ಲೆಕ್ಕದ ಫಂಕ್ಷನ್‌ಗೆ ನಾನು ಮಾಡಿದ್ದ ತಿದ್ದುಪಡಿ ಮಾಯವಾಗಿತ್ತು. ಪಕ್ಕದ ಟೀಮಿನವರು ತಮ್ಮ ಹತ್ತಿರ ಇದ್ದ ಹಳೇ ಪ್ರತಿಯನ್ನು ತಿದ್ದಿ ಅದರ ಮೇಲೇ ಹಾಕಿಬಿಟ್ಟಿದ್ದರು. ಅವರನ್ನು ಬೈದು ಏನು ಪ್ರಯೋಜನ? ಹೊಸ ಪ್ರತಿ ಇದೆ ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಜಾಸ್ತಿ ಕೂಗಾಡಿದ್ದು ನಾನೇ ಆದ್ದರಿಂದ ಡೇಟಾಬೇಸ್ ಬದಲಾವಣೆಗಳನ್ನು ಹಿಡಿತದಲ್ಲಿಡುವ ಟೂಲ್ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ಮೊದಲು ಎಲ್ಲರ ಹಾಗೆ ಎಕ್ಸೆಲ್ ಶೀಟ್ ಮಾಡಿದೆ. ಯಾವ ಟೂಲ್‌ನಲ್ಲಿ ಏನೇನಿದೆ ಅಂತ ಮೂವತ್ತು ಸಾಲು. ಎಲ್ಲದರ ಮುಂದೂ ಟಿಕ್ ಬಿತ್ತು. ಸುಮ್ನೆ ಒಂದು ವಾರ ಹೋಯಿತು. ಆಮೇಲೆ ಆ ಶೀಟ್ ಬಿಸಾಕಿ, ನಮ್ಮಲ್ಲೇ ಆಗಿದ್ದ ಹಳೇ ಎಡವಟ್ಟುಗಳನ್ನು ಒಂದೊಂದು ಟೂಲ್‌ನಲ್ಲೂ ಮತ್ತೆ ಬೇಕಂತಲೇ ಮಾಡಿ ನೋಡಿದೆ.

ಮೊದಲನೆಯದು ಕಾಲಮ್‌ನ ಹೆಸರು ಬದಲಿಸುವುದು. ಸ್ಟೇಟ್ ಆಧಾರಿತ ಟೂಲ್‌ಗಳಲ್ಲಿ ಟೇಬಲ್ ಕೊನೆಗೆ ಹೇಗಿರಬೇಕು ಅಂತ ಮಾತ್ರ ಬರೆದಿಡುತ್ತೇವೆ. ಟೂಲ್ ಅದನ್ನೂ ಈಗಿರುವ ಟೇಬಲನ್ನೂ ಹೋಲಿಸಿ ಸ್ಕ್ರಿಪ್ಟನ್ನು ತಾನೇ ಮಾಡಿಕೊಡುತ್ತದೆ. ಓದೋಕೆ ಬಲು ಚೆಂದ. ಆದರೆ ಹೆಸರು ಬದಲಾದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನಾನು ನೋಡಿದ ಟೂಲ್ ಕೊಟ್ಟ ಸ್ಕ್ರಿಪ್ಟ್‌ನಲ್ಲಿ ಹಳೇ ಕಾಲಮ್ ಡ್ರಾಪ್, ಹೊಸ ಖಾಲಿ ಕಾಲಮ್ ಆಡ್ ಅಂತ ಇತ್ತು. ಒಳಗಿನ ಡೇಟಾ ಗೋವಿಂದ. ಎಸ್‌ಕ್ಯೂಎಲ್ ಸರ್ವರ್ ಪ್ರಾಜೆಕ್ಟ್‌ಗಳಲ್ಲಿ ಹೆಸರು ಬದಲಾದದ್ದನ್ನು ಬರೆದಿಡೋಕೆಂದೇ ರಿಫ್ಯಾಕ್ಟರ್ ಲಾಗ್ ಅನ್ನೋ ಫೈಲ್ ಇರುತ್ತದೆ. ಆದರೂ ಅರವತ್ತು ಜನರಲ್ಲಿ ಒಬ್ಬರು ಅದನ್ನು ಗಿಟ್‌ಗೆ ಸೇರಿಸೋದು (ಕಮಿಟ್) ಮರೆತರೆ ಮುಗೀತು. ಹೀಗಾಗಿ ನಾವು ಮೈಗ್ರೇಶನ್ ಕಡೆಗೆ ವಾಲಿದೆವು. ಅಂದರೆ ಪ್ರತಿ ಬದಲಾವಣೆಗೂ ಕೈಯಲ್ಲಿ ಬರೆದ ಒಂದು ಸ್ಕ್ರಿಪ್ಟ್.

ಅಂಥ ಟೂಲ್‌ಗಳಲ್ಲಿ ಕೊನೆಗೆ ಉಳಿದದ್ದು ಲಿಕ್ವಿಬೇಸ್ ಮತ್ತು ಫ್ಲೈವೇ. ಲಿಕ್ವಿಬೇಸ್ ಪ್ರತಿ ಬದಲಾವಣೆಯನ್ನು ಐಡಿ, ಬರೆದವರ ಹೆಸರು, ಫೈಲ್‌ನ ದಾರಿ, ಈ ಮೂರನ್ನೂ ಸೇರಿಸಿ ಗುರುತಿಸುತ್ತದೆ. ನಾನು ಫೋಲ್ಡರ್ ಸ್ವಲ್ಪ ನೀಟ್ ಮಾಡೋಣ ಅಂತ ಫೈಲ್‌ಗಳನ್ನು ಆಚೀಚೆ ಸರಿಸಿದೆ. ಅದು ಎಲ್ಲವನ್ನೂ ಹೊಸದು ಅಂದುಕೊಂಡು ಮೊದಲಿಂದ ಓಡಿಸೋಕೆ ಹೊರಟಿತು. ಫೈಲ್ ಎಲ್ಲೇ ಇದ್ದರೂ ಬದಲಾಗದ ‘ಲಾಜಿಕಲ್ ಪಾತ್’ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ತಪ್ಪು ನನ್ನದೇ. ಬೇರೆ ಬೇರೆ ಕಂಪನಿಗಳು ತಯಾರಿಸಿದ ಡೇಟಾಬೇಸ್‌ಗಳಿಗೆ ಒಂದೇ ಸ್ಕ್ರಿಪ್ಟ್ ಬೇಕಿದ್ದರೆ ನಾನು ಈಗಲೂ ಲಿಕ್ವಿಬೇಸನ್ನೇ ಹೇಳುತ್ತೇನೆ. ನಮಗೆ ಅದು ಬೇಕಿರಲಿಲ್ಲ. ಎಲ್ಲರಿಗೂ ಬರುತ್ತಿದ್ದದ್ದು ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಮಾತ್ರ, ಹಾಗಾಗಿ ಫ್ಲೈವೇ ಹಿಡಿದೆವು.

ಫ್ಲೈವೇ ಫೈಲ್ ಹೆಸರಲ್ಲಿರುವ ವರ್ಶನ್ ನಂಬರಿನ ಕ್ರಮದಲ್ಲಿ ಸ್ಕ್ರಿಪ್ಟ್‌ಗಳನ್ನು ಓಡಿಸುತ್ತದೆ. ಮೊದಲ ವಾರವೇ ಎರಡು ಟೀಮುಗಳು 48ನೇ ನಂಬರಿನ ಫೈಲ್ ಮಾಡಿದವು. ನಂಬರ್ ಒಂದೇ ಆದರೂ ಫೈಲ್‌ಗಳ ಪೂರ್ತಿ ಹೆಸರು ಬೇರೆ, ಹಾಗಾಗಿ ಗಿಟ್ ಕೊಂಕು ತೆಗೆಯಲಿಲ್ಲ. ಇಬ್ಬರ ಕೆಲಸವೂ ಒಂದಾದ (ಮರ್ಜ್) ಮೇಲೆ ಫ್ಲೈವೇ ನಿಂತಿತು. ನಂಬರ್ ಬಿಟ್ಟು ದಿನಾಂಕ, ಗಂಟೆ, ನಿಮಿಷವನ್ನೇ ವರ್ಶನ್ ಮಾಡಿದೆವು. ಆಗ ಹೊಸ ತಲೆನೋವು. ಹತ್ತು ದಿನ ಯಾರದೋ ಬ್ರಾಂಚ್‌ನಲ್ಲೇ (ಗಿಟ್‌ನ ಪ್ರತ್ಯೇಕ ಪ್ರತಿಯಲ್ಲೇ) ಕೂತಿದ್ದ ಹಳೇ ದಿನಾಂಕದ ಫೈಲ್ ತಡವಾಗಿ ಮರ್ಜ್ ಆದರೆ ಅದು ಸಾಲು ತಪ್ಪಿ ಬಂದ ಹಾಗೆ. ‘ಔಟ್ ಆಫ್ ಆರ್ಡರ್’ ಸೆಟ್ಟಿಂಗ್ ಆನ್ ಮಾಡಿದರೆ ಓಡುತ್ತದೆ. ಆದರೆ ಕಣ್ಣು ಮುಚ್ಚಿ ಆನ್ ಮಾಡಬೇಡಿ. ನಾವು ಪ್ರತಿ ಮರ್ಜ್‌ಗೂ ಮುಂಚೆ ಎರಡು ಕಡೆ ಓಡಿಸಿ ನೋಡುತ್ತೇವೆ: ಒಮ್ಮೆ ಖಾಲಿ ಡೇಟಾಬೇಸ್ ಮೇಲೆ, ಇನ್ನೊಮ್ಮೆ ಗ್ರಾಹಕರು ಬಳಸುವ ಪ್ರೊಡಕ್ಷನ್ ಡೇಟಾಬೇಸ್‌ನ ಸ್ಕೀಮಾ (ಟೇಬಲ್‌ಗಳ ರಚನೆ) ಪ್ರತಿಯ ಮೇಲೆ. ಎರಡರ ಫಲಿತಾಂಶವೂ ಒಂದೇ ಇರಬೇಕು.

ಫಂಕ್ಷನ್‌ಗಳಿಗೆ ಮಾತ್ರ ವರ್ಶನ್ ಫೈಲ್ ಇಟ್ಟಿಲ್ಲ. ಪ್ರತಿ ಸಲ ಹೊಸ ಫೈಲ್ ಆದರೆ ನಾಲ್ಕು ನೂರು ಸಾಲಿನಲ್ಲಿ ಬದಲಾದ ಆ ಒಂದು ಸಾಲು ರಿವ್ಯೂ ಮಾಡುವವರ ಕಣ್ಣಿಗೇ ಬೀಳಲ್ಲ. ಅವುಗಳನ್ನು ‘ರಿಪೀಟಬಲ್’, ಅಂದರೆ ಮತ್ತೆ ಮತ್ತೆ ಓಡಿಸಬಹುದಾದ ಫೈಲ್‌ಗಳಾಗಿ ಮಾಡಿದೆವು. ಒಂದು ಫಂಕ್ಷನ್‌ಗೆ ಒಂದೇ ಫೈಲ್. ಫೈಲ್ ಬದಲಾಗಿ ಅದರ ಚೆಕ್‌ಸಮ್ (ಒಳಗಿನ ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಬೇರೆಯಾದರೆ, ವರ್ಶನ್ ಫೈಲ್‌ಗಳೆಲ್ಲ ಮುಗಿದ ಮೇಲೆ ಮತ್ತೆ ಓಡುತ್ತದೆ. ಇಬ್ಬರು ಒಂದೇ ಕಡೆ ಕೈ ಹಾಕಿದರೆ ಗಿಟ್ ಕಾನ್‌ಫ್ಲಿಕ್ಟ್ ತೋರಿಸುತ್ತದೆ. ನನ್ನ ಬಿಲ್ ಫಂಕ್ಷನ್ ಆಮೇಲೆ ಯಾವತ್ತೂ ಕಾಣೆಯಾಗಿಲ್ಲ.

ಚೆಕ್‌ಸಮ್ ವಿಷಯದಲ್ಲಿ ಒಂದು ತಮಾಷೆ. ಹೊಸದಾಗಿ ಸೇರಿದ ಹುಡುಗನೊಬ್ಬ ಹಳೇ ವರ್ಶನ್ ಫೈಲ್‌ನ ಕಾಮೆಂಟ್‌ನಲ್ಲಿದ್ದ ಸ್ಪೆಲ್ಲಿಂಗ್ ತಿದ್ದಿದ, ಅಷ್ಟೇ. ಡಿಪ್ಲಾಯ್ ನಿಂತುಹೋಯಿತು. “ಸರ್, ನಾನು ಬರೀ ಕಾಮೆಂಟ್ ಮುಟ್ಟಿದ್ದು” ಅಂದ. ಒಮ್ಮೆ ಓಡಿದ ಫೈಲನ್ನು ಮುಟ್ಟಿದರೆ, ಅದು ಕಾಮೆಂಟೇ ಆಗಿರಲಿ, ಫ್ಲೈವೇ ಒಪ್ಪಲ್ಲ. ಹೊಸ ಚೆಕ್‌ಸಮನ್ನೇ ಸರಿ ಅಂತ ಬರೆದುಕೊಳ್ಳುವ ‘ರಿಪೇರ್’ ಕಮಾಂಡ್ ಕೊಟ್ಟು ದಾಟಬಹುದಿತ್ತು. ಕೊಡಲಿಲ್ಲ, ಅವನ ಬದಲಾವಣೆಯನ್ನೇ ವಾಪಸ್ ತೆಗೆದೆವು.

ನಾನು ನೋಡಿದ ಟೂಲ್‌ಗಳು ತಾವಾಗಿ ನೋಡಿಕೊಳ್ಳದ ವಿಷಯ ಲಾಕ್, ಅಂದರೆ ಒಬ್ಬರು ಟೇಬಲ್ ಬದಲಿಸುವಾಗ ಬೇರೆಯವರನ್ನು ತಡೆಯುವ ಬೀಗ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಿಸುವ ಆಲ್ಟರ್ ಟೇಬಲ್ ಲಾಕ್‌ಗೆ ಕಾಯುತ್ತಾ ನಿಂತರೆ ಸಾಮಾನ್ಯವಾಗಿ ಅದರ ಹಿಂದೆ ಬರುವ, ಡೇಟಾ ಓದುವ ಸಾದಾ ಸೆಲೆಕ್ಟ್‌ಗಳೂ ಕ್ಯೂನಲ್ಲಿ ನಿಲ್ಲುತ್ತವೆ. ಈಗ ನಮ್ಮ ಪ್ರತಿ ಮೈಗ್ರೇಶನ್‌ನ ಮೊದಲ ಸಾಲು ಲಾಕ್ ಟೈಮ್‌ಔಟ್, 5 ಸೆಕೆಂಡ್. ಅಷ್ಟರೊಳಗೆ ಲಾಕ್ ಸಿಗದಿದ್ದರೆ ಸ್ಕ್ರಿಪ್ಟ್ ಸೋಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸುತ್ತೇವೆ.