ಚೆಸ್ ಬಳಗ: ಯಾವುದು ಹರಟೆಗೆ, ಯಾವುದು ಬರಹಕ್ಕೆ?

ಭಾನುವಾರ ರಾತ್ರಿ 9ಕ್ಕೆ ಪಂದ್ಯ. ಎಂಟೂ ಮುಕ್ಕಾಲಿಗೆ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಕೇಳುತ್ತಾನೆ, "ಲಿಂಕ್ ಎಲ್ಲಿದೆ ಮಾರಾಯ?" ಇನ್ನೊಬ್ಬ ಹೇಳುತ್ತಾನೆ, "ಮೇಲೆ ನೋಡೋ." ಮೇಲೆ ನೋಡಿದರೆ ಹಬ್ಬದ ಶುಭಾಶಯ, ಯಾರದ್ದೋ ಮಗಳ ಹುಟ್ಟುಹಬ್ಬ, ಮೂವತ್ತು ಸ್ಟಿಕ್ಕರ್, ಒಂದು ಕ್ರಿಕೆಟ್ ಜಗಳ. ಲಿಂಕ್ ಸಿಗುವ ಹೊತ್ತಿಗೆ ಪಂದ್ಯ ಶುರುವಾಗಿ ಹತ್ತು ನಿಮಿಷ ಆಗಿರುತ್ತದೆ.

ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಒಂದೇ ಬೋರ್ಡಿಗೆ ಕಿತ್ತಾಡುತ್ತಿದ್ದ ನಾವು ಕೆಲವರು ಈಗ ಆನ್‌ಲೈನ್‌ನಲ್ಲಿ ಚೆಸ್ ಆಡುತ್ತೇವೆ. ಜೊತೆಗೆ ನಮ್ಮ ಮಕ್ಕಳು, ಅಣ್ಣ ತಮ್ಮಂದಿರು, ಅವರ ಸ್ನೇಹಿತರು ಸೇರಿ ಬಳಗ ದೊಡ್ಡದಾಗಿದೆ. ಮೊದಲ ವರ್ಷ ಎಲ್ಲವನ್ನೂ ಒಂದೇ ಗ್ರೂಪಿಗೆ ಸುರಿದೆವು. ಆಟ ಚೆನ್ನಾಗಿತ್ತು, ವ್ಯವಸ್ಥೆ ಗೋಣಿಚೀಲ ಆಗಿತ್ತು. ಆಮೇಲೆ ಕಲಿತದ್ದು ಇದು: ಕಿರಾಣಿ ಅಂಗಡಿಯವರು ಗಿರಾಕಿ ಜೊತೆ ಎಷ್ಟೇ ಹರಟಲಿ, ಉದ್ರಿಯನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಟದ ಬಳಗಕ್ಕೂ ಹರಟೆಗೊಂದು ಕಟ್ಟೆ ಬೇಕು, ಬೇರೆಯಾಗಿ ಒಂದು ಪುಸ್ತಕ ಬೇಕು.

ಆರು ಜನ ಮಾತ್ರ ಇದ್ದೀರಾ? ಹಾಗಿದ್ದರೆ ಇದೇನೂ ಬೇಡ. ಫೋನ್ ಮಾಡಿಕೊಂಡು ಆಡಿ. ಇಪ್ಪತ್ತು ದಾಟಿದ್ದರೆ ಮುಂದೆ ಓದಿ.

ಮೊದಲು ಹಳೇ ಮಾತು ಜಾಲಾಡಿ

ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ನಿಮ್ಮ ಗ್ರೂಪಿನಲ್ಲಿ ಹೋದ ತಿಂಗಳು ಬಂದ ಮಾತನ್ನೆಲ್ಲ ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿ. ಒಂದೊಂದು ಸಂದೇಶಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ತಿಂಗಳು ಇದನ್ನು ಯಾರಾದರೂ ಹುಡುಕುತ್ತಾರಾ?

"ಅಯ್ಯೋ ಮಂತ್ರಿ ಹೋಯ್ತು" ಅನ್ನುವುದನ್ನು ಯಾರೂ ಹುಡುಕುವುದಿಲ್ಲ. ಅದು ಕಟ್ಟೆ ಮಾತು, ಅಲ್ಲೇ ಇರಲಿ. "ನೆಟ್ ಹೋದರೆ ಆಟ ಯಾರದ್ದು?" ಅನ್ನುವುದನ್ನು ಖಂಡಿತ ಹುಡುಕುತ್ತಾರೆ. ನಮ್ಮ ಗ್ರೂಪಿನಲ್ಲಿ ಈ ಪ್ರಶ್ನೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದಿತ್ತು. ನಾಲ್ಕು ಸಲವೂ ಬೇರೆ ಬೇರೆ ಉತ್ತರ! ಒಂದೇ ಪ್ರಶ್ನೆ ಮೂರನೇ ಸಲ ಬಂತು ಅಂದರೆ ಅದನ್ನು ಪುಸ್ತಕಕ್ಕೆ ಸೇರಿಸಿ. ಇದಕ್ಕಿಂತ ದೊಡ್ಡ ಸೂತ್ರ ನಮಗೆ ಬೇಕಾಗಲಿಲ್ಲ.

ಕಟ್ಟೆ ಎಲ್ಲಿ?

ವಾಟ್ಸಾಪ್‌ನ ಲಾಭ ಒಂದೇ, ಎಲ್ಲರ ಹತ್ತಿರವೂ ಇದೆ. ಒಂದು ಗ್ರೂಪಿಗೆ 1024 ಜನ ಹಿಡಿಸುತ್ತಾರೆ. ತೊಂದರೆ ಏನೆಂದರೆ ನಿಮ್ಮ ಫೋನ್ ನಂಬರ್ ಗ್ರೂಪಿನ ಅಷ್ಟೂ ಜನಕ್ಕೆ ಕಾಣುತ್ತದೆ. ಪರಿಚಯದವರಷ್ಟೇ ಇದ್ದರೆ ಚಿಂತೆಯಿಲ್ಲ. ಸ್ನೇಹಿತರ ಸ್ನೇಹಿತರು, ಹೆಣ್ಣುಮಕ್ಕಳು, ಶಾಲೆಗೆ ಹೋಗುವ ಮಕ್ಕಳು ಸೇರುವ ಬಳಗಕ್ಕೆ ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು. ಹೊಸಬರಿಗೆ ಹಳೇ ಮಾತು ಕಾಣುವ ಹಾಗೂ ಮಾಡಬಹುದು.

2015ರಲ್ಲಿ ಗೇಮ್ ಆಡುವವರಿಗಾಗಿಯೇ ಬಂದ ಡಿಸ್ಕಾರ್ಡ್‌ನಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಕೋಣೆ ಮಾಡಬಹುದು. ಮಾತಾಡಿಕೊಂಡು ಆಡಲು ವಾಯ್ಸ್ ಚಾನೆಲ್ ಇದೆ. ಆದರೆ ಹದಿಮೂರು ತುಂಬದ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಮತ್ತೊಂದು ವಿಷಯ: ನಮ್ಮ ಬಳಗದ ಅರವತ್ತು ದಾಟಿದವರು ಡಿಸ್ಕಾರ್ಡ್ ತೆರೆದು ಹತ್ತು ಕೋಣೆ ನೋಡಿ, "ಇದು ಯಾವ ಛತ್ರವಪ್ಪಾ?" ಅಂತ ವಾಪಸ್ ಬಂದರು. ಕಟ್ಟೆ ಅನ್ನುವುದು ಜನ ಆಗಲೇ ಕೂತಿರುವ ಜಾಗ. ಅವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದು ಕಷ್ಟ. ಗಟ್ಟಿ ಕಾರಣ ಇಲ್ಲದಿದ್ದರೆ ಇರುವ ಕಟ್ಟೆಯನ್ನೇ ಇಟ್ಟುಕೊಳ್ಳಿ.

ಪುಸ್ತಕ ಮಾಡುವುದು ಹೇಗೆ?

ಹೆಚ್ಚಿನ ಬಳಗಗಳು ಸೋಲುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ಆಡುವುದು ಲಿಚೆಸ್‌ನಲ್ಲಿ. ಫ್ರಾನ್ಸ್‌ನ ತಿಬೋ ದುಪ್ಲೆಸಿ 2010ರಲ್ಲಿ ಶುರು ಮಾಡಿದ ಜಾಲತಾಣ ಇದು. ಪೂರ್ತಿ ಉಚಿತ, ಜಾಹೀರಾತು ಇಲ್ಲ, ನಡೆಯುವುದು ದೇಣಿಗೆಯಿಂದ. ಅಲ್ಲಿ 'ಟೀಮ್' ಅಂತ ಒಂದು ಸೌಲಭ್ಯ ಇದೆ. ಖಾತೆ ತೆರೆದು, ಟೀಮ್ ಮಾಡಿ, ಹೆಸರಿಡಿ. ಯಾರು ಬೇಕಾದರೂ ಸೇರಬಹುದೇ ಅಥವಾ ನೀವು ಒಪ್ಪಿದ ಮೇಲೆ ಸೇರಬೇಕೇ ಅಂತ ಅಲ್ಲೇ ಆರಿಸಬಹುದು. ಎರಡನೆಯದನ್ನೇ ಆರಿಸಿ. ಟೀಮಿನ ಪರಿಚಯ ಬರೆಯುವ ಜಾಗದಲ್ಲಿ ಹೆಚ್ಚಿನವರು "ಸ್ವಾಗತ" ಅಂತ ಬರೆದು ಬಿಡುತ್ತಾರೆ. ಅದು ನಿಮ್ಮ ಪುಸ್ತಕದ ಮೊದಲ ಪುಟ. ಪಂದ್ಯದ ದಿನ, ಹೊತ್ತು, ನಿಯಮ ಅಲ್ಲಿ ಬರೆಯಿರಿ.

ಹೊತ್ತು ಬರೆಯುವಾಗ ಹುಷಾರು. ಇಲ್ಲಿನ ರಾತ್ರಿ 9 ಅಂದರೆ ದುಬೈಯಲ್ಲಿ ಸಂಜೆ 7.30. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 11.30. ಅವರು ಗಡಿಯಾರ ಹಿಂದೆ ಮಾಡಿಕೊಳ್ಳುವ ನವೆಂಬರ್‌ನಿಂದ ಮಾರ್ಚ್‌ವರೆಗೆ 10.30. ಈ ಒಂದು ಗಂಟೆಗಾಗಿ ಅಲ್ಲಿರುವ ನಮ್ಮ ಗೆಳೆಯ ಸತತ ಎರಡು ವಾರ ಖಾಲಿ ಬೋರ್ಡ್ ನೋಡುತ್ತಾ ಕೂತಿದ್ದ.

ಎರಡನೆಯದು 'ಸ್ಟಡಿ'. ಒಂದು ಸ್ಟಡಿಯಲ್ಲಿ 64 ಅಧ್ಯಾಯ ಮಾಡಬಹುದು, ಬೋರ್ಡಿನ ಮನೆಗಳಷ್ಟೇ. ಒಂದೊಂದರಲ್ಲೂ ಒಂದು ಆಟ ಇಟ್ಟು, ನಡೆ ಪಕ್ಕದಲ್ಲೇ ಮಾತು ಬರೆದು, ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಬಹುದು. ನಾಲ್ಕೈದು ಜನ ಒಟ್ಟಿಗೆ ಬರೆಯಬಹುದು. ಕನ್ನಡದಲ್ಲಿ ಬರೆದರೂ ತೊಂದರೆಯಿಲ್ಲ. ನೀವು ಆಡಿದ ಆಟ ಹೇಗೂ ಲಿಚೆಸ್‌ನಲ್ಲಿ ಉಳಿದಿರುತ್ತದೆ. ಕಳೆದುಹೋಗುವುದು ಆ ಆಟದ ಬಗ್ಗೆ ಕಟ್ಟೆಯಲ್ಲಿ ಆಡಿದ ಒಳ್ಳೆ ಮಾತು. ಸ್ಟಡಿ ಇರುವುದು ಅದಕ್ಕೆ.

ಒಂದು ಉದಾಹರಣೆ. ಹೊಸಬರೆಲ್ಲ ಸೋತು ಬಂದು ಕೇಳುವ ಪ್ರಶ್ನೆ: "ನಾಲ್ಕೇ ನಡೆಯಲ್ಲಿ ಹೇಗೆ ಸೋತೆ?" (ಇ4, ಎಫ್7 ಅಂದರೆ ಬೋರ್ಡಿನ ಮನೆಗಳ ಹೆಸರು.) ಬಿಳಿ ಕಾಲಾಳು ಇ4ಕ್ಕೆ, ಕಪ್ಪು ಕಾಲಾಳು ಇ5ಕ್ಕೆ. ಬಿಳಿಯ ಬಿಷಪ್ ಸಿ4ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಬಿಳಿಯ ಮಂತ್ರಿ ಎಚ್5ಕ್ಕೆ ಬಂದು ಕೂರುತ್ತಾನೆ. ಈಗ ಹೊಸಬರು ಮಂತ್ರಿಯನ್ನು ಓಡಿಸೋಣ ಅಂತ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತರುತ್ತಾರೆ. ಮಂತ್ರಿ ಎಫ್7ನ ಕಾಲಾಳನ್ನು ಹೊಡೆಯುತ್ತಾನೆ, ಹಿಂದೆ ಬಿಷಪ್‌ನ ಬೆಂಬಲ ಇದೆ. ಕಥೆ ಮುಗಿಯಿತು. ಬದಲಿಗೆ ಕಾಲಾಳನ್ನು ಜಿ6ಕ್ಕೆ ತಳ್ಳಬೇಕಿತ್ತು. ಮಂತ್ರಿ ಎಫ್3ಕ್ಕೆ ಸರಿದು ಮತ್ತೆ ಅದೇ ಬೆದರಿಕೆ ಹಾಕುತ್ತಾನೆ. ಆಗ ಕುದುರೆ ಎಫ್6ಕ್ಕೆ ಬಂದರೆ ಅವನ ದಾರಿ ಬಂದ್.

ಇದನ್ನು ನಾನು ಕಟ್ಟೆಯಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಸ್ಟಡಿಯಲ್ಲಿ ಬರೆದಿಟ್ಟ ಮೇಲೆ ಬರೀ ಲಿಂಕ್ ಕೊಡುತ್ತೇನೆ. ಓದುವವರು ಬೋರ್ಡಿನ ಮೇಲೆ ಒಂದೊಂದೇ ನಡೆ ಒತ್ತಿ ನೋಡುತ್ತಾರೆ. ಟೈಪ್ ಮಾಡಿದ ನಾಲ್ಕು ಸಾಲಿಗಿಂತ ಬೇಗ ತಲೆಗೆ ಹೋಗುತ್ತದೆ.

ಬರೆಯುವಾಗ ಎಲ್ಲ ನಡೆಗೂ ವ್ಯಾಖ್ಯಾನ ಬೇಡ. ಆಟ ತಿರುಗಿದ ಎರಡು ಮೂರು ಜಾಗ ಸಾಕು. ಅಲ್ಲಿ ಆಡಿದವರು ಏನು ಯೋಚಿಸಿದ್ದರು ಅಂತ ಬರೆಸಿ. ಕಂಪ್ಯೂಟರ್ ಏನು ಹೇಳುತ್ತದೆ ಅನ್ನುವುದನ್ನು ಆಮೇಲೆ ನೋಡಬಹುದು, ಅದು ಯಾವಾಗಲೂ ಅಲ್ಲೇ ಇರುತ್ತದೆ. ಆಡಿದವರು ಯೋಚಿಸಿದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ.

ಆಟವನ್ನು ಬರೆದಿಡುವ ಚಟ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಇದರ ಹುಚ್ಚಿತ್ತು. ಒಂದು ಕುದುರೆ 64 ಮನೆಗೂ ಒಂದೊಂದೇ ಸಲ ಹೋಗಿ ಬರುವ ಲೆಕ್ಕಗಳನ್ನು ಹೊಸೆದು ದಾಖಲಿಸಿದರು. 1868ರಲ್ಲಿ ತೀರಿಕೊಂಡ ಅರಸರ ಆಟದ ಲೆಕ್ಕ ಇವತ್ತಿಗೂ ಬಿಡಿಸಲು ಸಿಗುತ್ತಿದೆ.

ನಿಯಮ ಬರೆಯಿರಿ, ಜಗಳಕ್ಕೆ ಮುಂಚೆ

ಟೀಮ್ ಪಂದ್ಯಕ್ಕೆ ಎರಡು ಬಗೆ. ಅರೀನಾದಲ್ಲಿ ಹೊತ್ತು ಮುಗಿಯುವವರೆಗೆ ಎಷ್ಟು ಆಟ ಬೇಕಾದರೂ ಆಡಬಹುದು. ಗೆದ್ದರೆ 2 ಅಂಕ, ಡ್ರಾ ಆದರೆ 1. ಸತತ ಎರಡು ಗೆದ್ದರೆ ಮುಂದಿನ ಆಟಕ್ಕೆ ದುಪ್ಪಟ್ಟು. ತಡವಾಗಿ ಬಂದವರೂ ಸೇರಬಹುದು, ಅಡುಗೆಮನೆಗೆ ಹೋಗಿ ಬರುವವರಿಗೂ ತೊಂದರೆಯಿಲ್ಲ. ಸ್ವಿಸ್‌ನಲ್ಲಿ ಮೊದಲೇ ಗೊತ್ತುಮಾಡಿದಷ್ಟು ಸುತ್ತು, ಎಲ್ಲರೂ ಕೊನೆವರೆಗೆ ಇದ್ದರೇ ಚೆನ್ನ. ಮನೆಮಂದಿ ಬಳಗಕ್ಕೆ ಅರೀನಾವೇ ಸರಿ. ಒಂದೊಂದು ಆಟಕ್ಕೆ ಮೂರು ನಿಮಿಷ, ನಡೆಗೆ ಎರಡು ಸೆಕೆಂಡ್ ಜಾಸ್ತಿ ಅಂತ ಇಡಿ. ಹಿರಿಯರು ಜಾಸ್ತಿ ಇದ್ದರೆ ಐದು ನಿಮಿಷ.

ಈಗ ಕಹಿ ವಿಷಯ. ಕಂಪ್ಯೂಟರ್ ನೋಡಿಕೊಂಡು ಆಡುವವರ ಅನುಮಾನ ಎಲ್ಲ ಬಳಗಕ್ಕೂ ಒಂದು ದಿನ ಬರುತ್ತದೆ. ನಮ್ಮಲ್ಲೂ ಬಂತು. ಪಿಯುಸಿ ಓದುವ ಹುಡುಗನೊಬ್ಬ ಮೂರು ಆಟ ಸತತ ಗೆದ್ದ. ಒಬ್ಬರು ಕಟ್ಟೆಯಲ್ಲಿ ಎಲ್ಲರೆದುರು "ಇದು ನಿನ್ನ ಆಟ ಅಲ್ಲ" ಅಂದುಬಿಟ್ಟರು. ಹತ್ತು ಜನ ನಗುವ ಚಿತ್ರ ಹಾಕಿದರು. ಹುಡುಗ ಏನೂ ಹೇಳದೆ ಗ್ರೂಪ್ ಬಿಟ್ಟ. ಆಮೇಲೆ ಕೂತು ಆಟ ನೋಡಿದರೆ ಎದುರಿನವರೇ ಮೂರೂ ಸಲ ಆನೆ ಬಿಟ್ಟುಕೊಟ್ಟಿದ್ದರು. ಅವನನ್ನು ವಾಪಸ್ ಕರೆತರಲು ಎರಡು ತಿಂಗಳು ಬೇಕಾಯಿತು. ಈಗ ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಇದೆ: "ಅನುಮಾನ ಬಂದರೆ ಲಿಚೆಸ್‌ಗೆ ರಿಪೋರ್ಟ್ ಮಾಡಿ, ಇಲ್ಲಿ ಹೆಸರು ಎತ್ತಬೇಡಿ." ಕಟ್ಟೆಯಲ್ಲಿ ಹೇಳಿದ್ದರೆ ಇದೂ ಮೇಲೆ ಹೋಗಿ ಮರೆಯಾಗುತ್ತಿತ್ತು.

ದುಡ್ಡಿನ ಬಗ್ಗೆಯೂ ಬರೆದಿಡಿ. "ತಲಾ ನೂರು ಹಾಕೋಣ, ಗೆದ್ದವರಿಗೆ ಕೊಡೋಣ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸುತ್ತದೆ. ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನುವ ಭೇದ ಅದರಲ್ಲಿಲ್ಲ. ನಮ್ಮಲ್ಲಿ ಗೆದ್ದವರಿಗೆ ಸಿಗುವುದು ಮುಂದಿನ ವಾರ ಪಂದ್ಯಕ್ಕೆ ಹೆಸರಿಡುವ ಹಕ್ಕು. ಹೋದ ವಾರದ್ದು 'ಮಂಡಕ್ಕಿ ಕಪ್'.

ಚಿಕ್ಕ ಮಕ್ಕಳಿಗೆ ಲಿಚೆಸ್‌ನಲ್ಲಿ 'ಕಿಡ್ ಮೋಡ್' ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ ಚಾಟ್, ಸಂದೇಶ ಎಲ್ಲ ಮುಚ್ಚಿಹೋಗುತ್ತದೆ, ಆಟ ಮಾತ್ರ ಇರುತ್ತದೆ. ಮಕ್ಕಳು ಕಟ್ಟೆಗೆ ಬರುವುದೇ ಬೇಡ, ಅವರ ಅಪ್ಪನೋ ಅಮ್ಮನೋ ಇದ್ದರೆ ಸಾಕು.

ಬರೆಯುವವರು ಯಾರು?

"ಎಲ್ಲರೂ ಬರೆಯಿರಿ" ಅಂದರೆ ಯಾರೂ ಬರೆಯುವುದಿಲ್ಲ. ಸರದಿ ಇಡಿ. ನಮ್ಮಲ್ಲಿ ವಾರಕ್ಕೊಬ್ಬರು, ವಾರಕ್ಕೊಂದೇ ಆಟ. ಆ ವಾರ ಸೋತವರಿಗೆ ಮೊದಲ ಅವಕಾಶ. ಇದು ಸುಮ್ನೆ ತಮಾಷೆಗೆ ಶುರುವಾಗಿದ್ದು. ಆದರೆ ಸೋತವರು ಬರೆದದ್ದೇ ಚೆನ್ನಾಗಿರುತ್ತದೆ, ಯಾಕೆಂದರೆ ಅವರು ಆ ಆಟವನ್ನು ರಾತ್ರಿಯೆಲ್ಲ ನೆನೆಸಿಕೊಂಡಿರುತ್ತಾರೆ ಅಲ್ವಾ?

ಬರೆದದ್ದು ಪುಸ್ತಕದಲ್ಲೇ ಕೂತಿದ್ದರೆ ಯಾರೂ ನೋಡುವುದಿಲ್ಲ. ಹೊಸ ಅಧ್ಯಾಯ ಆದಾಗ ಒಂದು ಸಾಲು ಬರೆದು ಲಿಂಕನ್ನು ಕಟ್ಟೆಗೆ ಹಾಕಿ. ಟೀಮಿನ ಲಿಂಕನ್ನು ಗ್ರೂಪಿನ ವಿವರಣೆಯಲ್ಲೇ ಇಡಿ, "ಮೇಲೆ ನೋಡೋ" ಅನ್ನುವ ಮಾತೇ ಬೇಡ.

ಇನ್ನು ಎರಡು ಸಣ್ಣ ಕೆಲಸ. ಮೂರು ತಿಂಗಳಿಗೊಮ್ಮೆ ಸ್ಟಡಿಯನ್ನು ಪಿಜಿಎನ್ (ಚೆಸ್ ನಡೆಗಳನ್ನು ಬರೆದಿಡುವ ಬಗೆ) ಫೈಲ್ ಆಗಿ ಇಳಿಸಿಕೊಳ್ಳಿ. ಹೆಚ್ಚಿನ ಚೆಸ್ ಆ್ಯಪ್‌ಗಳಲ್ಲಿ ಅದು ತೆರೆದುಕೊಳ್ಳುತ್ತದೆ. ಟೀಮಿಗೆ ಇನ್ನೊಬ್ಬ ಲೀಡರ್ ಇರಲೇಬೇಕು. ಕಳೆದ ದೀಪಾವಳಿಗೆ ನಾನು ನೆಟ್‌ವರ್ಕ್ ಸಿಗದ ಊರಿಗೆ ಹೋಗಿದ್ದೆ. ಭಾನುವಾರ ಪಂದ್ಯ ಇಡುವವರೇ ಇರಲಿಲ್ಲ. ಈಗ ನಿವೃತ್ತ ಮೇಷ್ಟ್ರೊಬ್ಬರು ಎರಡನೇ ಲೀಡರ್. ಪಂದ್ಯದ ಲಿಂಕನ್ನು ಶನಿವಾರ ಸಂಜೆಯೇ ಹಾಕುತ್ತಾರೆ, ಜೊತೆಗೆ ಹಾಜರಿಯನ್ನೂ ಕೂಗುತ್ತಾರೆ.