ಹೆತ್ತ ಕೂಸನ್ನು ಸಾಕಲಾಗದಿದ್ದರೆ: ಅಮೆರಿಕಕ್ಕೆ ಹೊರಟವರಿಗೆ, ಅವರ ಮನೆಯವರಿಗೆ

ಆಗಸ್ಟ್ ಹತ್ತಿರವಾದಂತೆ ಬೆಂಗಳೂರಿನಿಂದ ಓದಲು ಹೊರಡುವ ಹುಡುಗಿಯರಿಗೆ ವಿಮೆ, ಬಾಡಿಗೆ ಮನೆ, ಕುಕ್ಕರ್ ಬಗ್ಗೆ ಹೇಳುವವರು ಬೇಕಾದಷ್ಟು ಜನ. ಈ ವಿಷಯ ಎತ್ತಿದರೆ ಮಾತ್ರ ಅಪ್ಪ ಅಮ್ಮಂದಿರು "ನಮ್ಮ ಮಗಳಿಗೆ ಇದೆಲ್ಲ ಯಾಕೆ ಬಿಡಿ" ಅನ್ನುತ್ತಾರೆ. ನಾನು ಅಲ್ಲಿದ್ದಾಗ, ಬಸಿರು ಮುಚ್ಚಿಟ್ಟು ಒಬ್ಬಳೇ ಹೆತ್ತವಳ ಫೋನು ನನಗೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ 50 ರಾಜ್ಯಗಳಲ್ಲೂ 'ಸೇಫ್ ಹೇವನ್' ಕಾನೂನಿದೆ. 1999ರಲ್ಲಿ ಮೊದಲು ತಂದದ್ದು ಟೆಕ್ಸಾಸ್. ಹಸುಗೂಸನ್ನು ಗೊತ್ತುಪಡಿಸಿದ ಜಾಗದಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಅಥವಾ ಹಲವು ಕಡೆ ಅಗ್ನಿಶಾಮಕ ಠಾಣೆಯಲ್ಲಿ ಒಪ್ಪಿಸಿದರೆ, ಮಗುವಿನ ಮೇಲೆ ಹಿಂಸೆಯ ಗುರುತಿಲ್ಲದಿದ್ದರೆ, ಕೈಬಿಟ್ಟ ಅಪರಾಧ ತಾಯಿಯ ತಲೆಗೆ ಬರುವುದಿಲ್ಲ. ಸಾಮಾನ್ಯವಾಗಿ ಹೆಸರನ್ನೂ ಹೇಳಬೇಕಿಲ್ಲ.

ಗಡುವು ಮಾತ್ರ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ 72 ಗಂಟೆ, ನ್ಯೂಜೆರ್ಸಿಯಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ 60 ದಿನ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿರುವ ಗೆಳತಿಯ ಮಾತು ನಂಬಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯವಳು ವಾರ ಕಾದರೆ ರಕ್ಷಣೆ ಕೈತಪ್ಪುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಗುವನ್ನು ಒಬ್ಬ ಸಿಬ್ಬಂದಿಯ ಕೈಗೇ ಕೊಡಬೇಕು. ಬಾಗಿಲ ಬಳಿ, ಆಸ್ಪತ್ರೆಯ ಶೌಚಾಲಯದಲ್ಲಿ, ಕಾರಿನಲ್ಲಿ ಬಿಟ್ಟು ಬಂದರೆ ಮೊಕದ್ದಮೆ ಬೀಳಬಹುದು. ಚಳಿಗೆ ಕೂಸು ಸಾಯಲೂಬಹುದು. ಫೋನು ಮಾಡಿದ ಆ ಹುಡುಗಿ ಚಿಕ್ಕ ಊರೊಂದರ ಅಗ್ನಿಶಾಮಕ ಠಾಣೆಯ ಮುಂದೆ ನಿಂತಿದ್ದಳು. ಷಟರ್ ಎಳೆದಿತ್ತು, ಒಳಗೆ ದೀಪವಿಲ್ಲ. ಚಿಕ್ಕ ಊರುಗಳ ಎಷ್ಟೋ ಠಾಣೆ ನಡೆಸುವವರು ಸ್ವಯಂಸೇವಕರು. ರಾತ್ರಿ ಅಲ್ಲಿ ಯಾರೂ ಇರುವುದಿಲ್ಲ. ಅಮ್ಮನ ಹಳೇ ಕಾಟನ್ ಸೀರೆಯಲ್ಲಿ ಸುತ್ತಿದ ಕೂಸನ್ನು ಮೆಟ್ಟಿಲ ಮೇಲಿಟ್ಟು, "ಅಕ್ಕಾ, ಇಟ್ಟು ಹೋಗಲಾ?" ಅಂದಳು. ಎತ್ತಿಕೋ, ಆಸ್ಪತ್ರೆಯ ಎಮರ್ಜೆನ್ಸಿಗೆ ನಡಿ, ಅಲ್ಲಿ 'ಸೇಫ್ ಸರೆಂಡರ್', ಅಂದರೆ ಈ ಕಾನೂನಿನಡಿ ಮಗುವನ್ನು ಒಪ್ಪಿಸುತ್ತಿದ್ದೇನೆ ಎಂದು ಹೇಳು ಅಂದೆ. ಕೌಂಟರಿನ ನರ್ಸ್ ಮಗುವನ್ನು ಎತ್ತಿಕೊಂಡಳು. ಇವಳಿಗೂ ರಕ್ತಸ್ರಾವ ನಿಂತಿರಲಿಲ್ಲ, ಅಲ್ಲೇ ಚಿಕಿತ್ಸೆಯಾಯಿತು. ಇಂಡಿಯಾನಾದಂಥ ಕೆಲವು ರಾಜ್ಯಗಳಲ್ಲಿ ಮಗುವನ್ನು ಇಟ್ಟು ಹೋಗಲೆಂದೇ ಗೋಡೆಗೆ ಕೂರಿಸಿದ ಶಿಶುಪೆಟ್ಟಿಗೆಗಳಿವೆ, ಅದು ಬೇರೆ ಮಾತು. ಅನುಮಾನವಿದ್ದರೆ ಆಸ್ಪತ್ರೆಗೇ ಹೋಗಿ.

ಕ್ಯಾಲಿಫೋರ್ನಿಯಾದಲ್ಲಿ ಮಗುವಿನ ಕಾಲಿಗೊಂದು ಸಂಖ್ಯೆಯ ಪಟ್ಟಿ ಕಟ್ಟಿ, ಅದೇ ಸಂಖ್ಯೆಯ ಇನ್ನೊಂದನ್ನು ತಾಯಿಗೆ ಕೊಡುತ್ತಾರೆ. ಅದನ್ನು ಎಸೆಯಬೇಡಿ. ಮನಸ್ಸು ಬದಲಾದರೆ ಮಗುವನ್ನು ವಾಪಸ್ ಕೇಳಲು ಅಲ್ಲಿ 14 ದಿನ ಇದೆ. ಇಂಗ್ಲೆಂಡಿಗೆ ಹೋದವರು ಇದನ್ನೆಲ್ಲ ನೆಚ್ಚಿಕೊಳ್ಳಬೇಡಿ, ಅಲ್ಲಿ ಇಂಥ ಕಾನೂನೇ ಇಲ್ಲ.

ನಮ್ಮಲ್ಲಿ ಏನೂ ಇಲ್ಲ ಅನ್ನುವುದೂ ತಪ್ಪು. 2015ರ ಬಾಲನ್ಯಾಯ ಕಾಯ್ದೆಯಡಿ ಬೆಂಗಳೂರಿನಲ್ಲೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮರುಯೋಚನೆಗೆ 2 ತಿಂಗಳು ಸಿಗುತ್ತದೆ. 14 ದಿನಕ್ಕಿಂತ ಇದೇ ಮೇಲು ಎಂದು ನನ್ನ ಅಭಿಪ್ರಾಯ, ಬಾಣಂತಿಯ ಮನಸ್ಸು ತಿಳಿಯಾಗಲು ಅಷ್ಟಾದರೂ ಬೇಕು. ಆದರೆ ಸಮಿತಿಯ ಮುಂದೆ ಹೆಸರು ಹೇಳಿ ಸಹಿ ಹಾಕಬೇಕು. ಆ ಭಯಕ್ಕೇ ಜನ ನರ್ಸಿಂಗ್ ಹೋಮಿನ ದಲ್ಲಾಳಿಯ ಕೈಗೆ ಕೂಸು ಕೊಡುತ್ತಾರೆ. ಹಣ ಪಡೆದರೆ ಅದು ಮಾರಾಟ, 5 ವರ್ಷದವರೆಗೆ ಜೈಲು. ಬೇಡವೇ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇಲ್ಲಿರುವ ಅಪ್ಪ ಅಮ್ಮಂದಿರೇ, ಮಗಳ ಅಂಥ ಫೋನು ಬಂದರೆ ಮೊದಲು ಕೇಳಬೇಕಾದ್ದು ಮೂರು: ರಕ್ತ ನಿಂತಿದೆಯಾ, ಮಗು ಹುಟ್ಟಿ ಎಷ್ಟು ಹೊತ್ತಾಯಿತು, ಯಾವ ರಾಜ್ಯದಲ್ಲಿದ್ದೀಯಾ. ಅವನು ಯಾರು ಅನ್ನುವುದನ್ನು ಆಮೇಲೆ ಕೇಳಿ.